ಲೈನ್‌ಬ್ಯಾಕರ್ ಕೋಚ್ ಆಗುವ ದಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಪಂದ್ಯ ನೋಡುವಾಗ ಒಬ್ಬಿಬ್ಬರ ಹೆಲ್ಮೆಟ್ ಹಿಂದೆ ಹಸಿರು ಚುಕ್ಕೆ ಕಾಣುತ್ತದೆ. ಎದುರಾಳಿಯನ್ನು ತಡೆಯುವ ಡಿಫೆನ್ಸ್‌ನಲ್ಲಿ ಅದು ಸಾಮಾನ್ಯವಾಗಿ ಮುಂದಿನ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಹೆಲ್ಮೆಟ್ ಮೇಲೇ ಇರುತ್ತದೆ. ಆ ಜಾಗದಲ್ಲಿ ಆಡಿದವರು ಮುಂದೆ ಕೋಚ್ ಆಗುವುದಕ್ಕೂ ಇದಕ್ಕೂ ನಂಟಿದೆಯೇ?

ಉತ್ತರ: ಇದೆ. ಚುಕ್ಕೆ ಇದ್ದವನ ಹೆಲ್ಮೆಟ್‌ನೊಳಗೆ ಸ್ಪೀಕರ್ ಇದೆ ಎಂದು ಅರ್ಥ. ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ ಈ ಸೌಲಭ್ಯ 1994ರಲ್ಲೇ ಬಂತು, ಡಿಫೆನ್ಸ್‌ಗೆ ಸಿಕ್ಕಿದ್ದು 2008ರಲ್ಲಿ. ಕೋಚ್ ಹೇಳಿದ್ದು ಕೇಳಿಸುತ್ತದೆ, ತಿರುಗಿ ಮಾತಾಡಲು ಬರುವುದಿಲ್ಲ. ಒಂದು ಪ್ಲೇ ಮುಗಿದ ಮೇಲೆ ಸಾಮಾನ್ಯವಾಗಿ 40 ಸೆಕೆಂಡಿನ ಗಡಿಯಾರ ಓಡುತ್ತದೆ. ಅದರಲ್ಲಿ 15 ಸೆಕೆಂಡ್ ಉಳಿದಾಗ ದನಿ ಕಟ್ ಆಗುತ್ತದೆ. ಅದಕ್ಕೂ ಮೊದಲೇ ಚೆಂಡು ಸ್ನ್ಯಾಪ್ ಆದರೆ, ಅಂದರೆ ಹಿಂದಕ್ಕೆ ಕೊಟ್ಟು ಪ್ಲೇ ಶುರುವಾದರೆ, ಆಗಲೇ ಕಟ್.

ತಮಾಷೆ ಎಂದರೆ ಎದುರಾಳಿಯ ಕಸರತ್ತೆಲ್ಲ ಹೆಚ್ಚಾಗಿ ಶುರುವಾಗುವುದೇ ಆ ಕೊನೆಯ 15 ಸೆಕೆಂಡಿನಲ್ಲಿ. ಸಾಲಿನ ತುದಿಯಲ್ಲಿ ನಿಲ್ಲುವ ಟೈಟ್ ಎಂಡ್ ಎಡದಿಂದ ಬಲಕ್ಕೆ ಬರುತ್ತಾನೆ, ಪಾಸ್ ಹಿಡಿಯುವ ಒಬ್ಬ ರಿಸೀವರ್ ಅಡ್ಡಡ್ಡ ಓಡುತ್ತಾನೆ. ಈಗ ಮುಂದಿನ ಸಾಲನ್ನು ಯಾವ ಕಡೆ ಸರಿಸಬೇಕು, ಹಿಂದಿನವರ ಕವರೇಜ್ ಬದಲಿಸಬೇಕೇ ಎಂಬುದನ್ನು ಮಧ್ಯದ ಲೈನ್‌ಬ್ಯಾಕರ್ ಕೂಗಿ ಹೇಳಬೇಕು. ಅವನಿಗೆ ಆಟದ ಮಾತಿನಲ್ಲಿ ‘ಮೈಕ್’ ಎಂದು ಹೆಸರು. ಟೈಟ್ ಎಂಡ್ ಇರುವ ಕಡೆ ನಿಲ್ಲುವವನು ‘ಸ್ಯಾಮ್’, ಇನ್ನೊಂದು ಕಡೆಯವನು ‘ವಿಲ್’. ಮುಂದೆ ನಾಲ್ವರು, ಹಿಂದೆ ನಾಲ್ವರು, ನಡುವೆ ಈ ಮೂವರು. ಇದು 4-3 ವ್ಯೂಹ. ನಡುವೆ ನಿಂತವನಿಗೆ ಎರಡೂ ಕಡೆಯವರ ಕೆಲಸ ಗೊತ್ತಿರಲೇಬೇಕು. ಕೋಚ್ ಕೆಲಸದ ಅರ್ಧ ಪಾಠ ಅಲ್ಲೇ ಆಗಿಬಿಡುತ್ತದೆ. ಇನ್ನರ್ಧ ಅಷ್ಟು ಸುಲಭವಾಗಿ ಬರುವುದಿಲ್ಲ, ಅದನ್ನು ಕೆಳಗೆ ನೋಡೋಣ.

ಪ್ರಶ್ನೆ: ಲೈನ್‌ಬ್ಯಾಕರ್ ಚೆಂಡನ್ನು ನೋಡುವುದಿಲ್ಲ, ಎದುರಾಳಿಯ ಮುಂದಿನ ಸಾಲಿನಲ್ಲಿ ನಿಂತು ತಡೆಯುವ ಗಾರ್ಡ್‌ನನ್ನು ನೋಡುತ್ತಾನೆ ಎನ್ನುತ್ತಾರೆ. ಚೆಂಡು ಬಿಟ್ಟು ಅವನನ್ನೇಕೆ ನೋಡಬೇಕು?

ಉತ್ತರ: ಚೆಂಡು ಮೋಸ ಮಾಡುತ್ತದೆ, ಅದನ್ನು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಇನ್ನೂ ಹೆಚ್ಚು. ಗಾರ್ಡ್‌ಗೆ ಸುಳ್ಳು ಹೇಳುವುದು ಕಷ್ಟ. 140 ಕಿಲೋ ಆಜುಬಾಜಿನ ಆ ದೇಹ ಒಮ್ಮೆ ಒಂದು ಕಡೆ ವಾಲಿದರೆ ಮತ್ತೆ ತಿರುಗಿಸಲಾಗದು.

ಮೈಕ್ ನಿಲ್ಲುವುದು ಚೆಂಡಿನ ಸಾಲಿನಿಂದ ನಾಲ್ಕೈದು ಗಜ ಹಿಂದೆ. ಕಾಲು ಭುಜದಗಲ, ಮೊಣಕಾಲು ಸ್ವಲ್ಪ ಮಡಚಿ, ಭಾರವೆಲ್ಲ ಪಾದದ ಮುಂಭಾಗದ ಮೇಲೆ. ಸ್ನ್ಯಾಪ್ ಆದ ಕ್ಷಣ ಗಾರ್ಡ್ ತಲೆ ತಗ್ಗಿಸಿ ಮುನ್ನುಗ್ಗಿದರೆ ರನ್. ಎದ್ದು ನಿಂತು ಹಿಂದೆ ಸರಿದರೆ ಪಾಸ್. ಸಾಲು ಬಿಟ್ಟು ಪಕ್ಕಕ್ಕೆ ಓಡಿದರೆ ಚೆಂಡು ಅವನ ಹಿಂದೆಯೇ ಬರುತ್ತದೆ, ಅವನ ಜತೆ ಓಡಬೇಕು. ‘ಕೌಂಟರ್’ ಎಂಬ ಪ್ಲೇಯಲ್ಲಿ ರನ್ನಿಂಗ್ ಬ್ಯಾಕ್ ಮೊದಲ ಹೆಜ್ಜೆಯನ್ನು ಬೇಕೆಂದೇ ಎಡಕ್ಕೆ ಇಟ್ಟು ಬಲಕ್ಕೆ ತಿರುಗುತ್ತಾನೆ. ಅವನನ್ನು ನೋಡಿದ ಲೈನ್‌ಬ್ಯಾಕರ್ ಎಡಕ್ಕೆ ಹೋಗಿ ಕೆಟ್ಟ. ಗಾರ್ಡ್‌ನನ್ನು ನೋಡಿದವನು ಮೊದಲ ಹೆಜ್ಜೆಯಲ್ಲೇ ಬಲಕ್ಕೆ.

ಕೈಕೊಡುವ ಸಂದರ್ಭಗಳೂ ಇವೆ. ರನ್ ಎಂದು ನಟಿಸಿ ಪಾಸ್ ಎಸೆಯುವ ಪ್ಲೇ ಆಕ್ಷನ್‌ನಲ್ಲಿ ಗಾರ್ಡ್ ಕೂಡ ರನ್ ಎಂಬಂತೆ ನುಗ್ಗುತ್ತಾನೆ. ಲೈನ್‌ಬ್ಯಾಕರ್ ಎರಡು ಹೆಜ್ಜೆ ಮುಂದೆ ಬಂದರೆ ಸಾಕು, ಚೆಂಡು ಅವನ ತಲೆ ಮೇಲಿಂದ ಹಿಂದಿನ ಖಾಲಿ ಜಾಗಕ್ಕೆ ಬೀಳುತ್ತದೆ. ಅದಕ್ಕೇ ಗಾರ್ಡ್ ಜತೆಗೆ ಅವನ ಹಿಂದಿನ ಬ್ಯಾಕ್‌ನನ್ನೂ ಒಂದೇ ನೋಟದಲ್ಲಿ ಹಿಡಿಯುವುದನ್ನು ಕಲಿಸುತ್ತಾರೆ. ಹೊಸಬರು ಪದೇ ಪದೇ ಮಾಡುವ ತಪ್ಪು ಇನ್ನೂ ಎರಡಿವೆ. ಒಂದು, ಏನೂ ನೋಡುವ ಮೊದಲೇ ಅಭ್ಯಾಸಬಲದಿಂದ ಒಂದು ಕಾಲು ಹಿಂದಿಡುವುದು. ಆ ಅರ್ಧ ಸೆಕೆಂಡಿನಲ್ಲಿ ತಡೆಯುವವನು ಮೈಮೇಲೆ ಬಂದಿರುತ್ತಾನೆ. ಇನ್ನೊಂದು, ಓಡುವವನಿಗಿಂತ ಮುಂದೆ ಓಡುವುದು. ಚೆಂಡು ಹಿಡಿದವನ ಒಳಗಿನ ಸೊಂಟದ ನೇರಕ್ಕೆ, ಅರ್ಧ ಹೆಜ್ಜೆ ಹಿಂದೆಯೇ ಇರಬೇಕು. ಮುಂದೆ ಹೋದರೆ ಅವನು ಒಳಕ್ಕೆ ತಿರುಗಿ ಬೆನ್ನ ಹಿಂದಿನಿಂದ ಪಾರಾಗುತ್ತಾನೆ.

ಪ್ರಶ್ನೆ: ಆಟ ಬಿಟ್ಟ ಮೇಲೆ ನೇರವಾಗಿ ಕೋಚ್ ಮಾಡುತ್ತಾರೆಯೇ? ಒಬ್ಬರ ಉದಾಹರಣೆ ಕೊಡಿ.

ಉತ್ತರ: ಡಿಮೆಕೊ ರೈನ್ಸ್. ಅಲಬಾಮಾ ವಿಶ್ವವಿದ್ಯಾಲಯದ ಆಟಗಾರ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ, 2006ರಲ್ಲಿ, ಎರಡನೇ ಸುತ್ತಿನ ಮೊದಲ ಆಯ್ಕೆಯಾಗಿ ಹ್ಯೂಸ್ಟನ್ ಟೆಕ್ಸನ್ಸ್ ಸೇರಿದರು. ಅದೇ ವರ್ಷ ಡಿಫೆನ್ಸ್‌ನ ಶ್ರೇಷ್ಠ ಹೊಸಬ ಪ್ರಶಸ್ತಿ, ಆಮೇಲೆ ಎರಡು ಬಾರಿ ಲೀಗ್‌ನ ಆಯ್ದ ಆಟಗಾರರ ಪಂದ್ಯವಾದ ಪ್ರೊ ಬೌಲ್. 2010ರಲ್ಲಿ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿಯಿತು. 2012ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ಗೆ ಹೋದರು, 2014ರಲ್ಲಿ ಅದೇ ಗಾಯ ಮತ್ತೊಮ್ಮೆ. 2015ರ ಸೀಸನ್ ಅವರ ಕೊನೆಯದು. ಸ್ನ್ಯಾಪ್ ಆದ ತಕ್ಷಣ ಸಿಡಿಯಬೇಕಾದ ಲೈನ್‌ಬ್ಯಾಕರ್‌ಗೆ ಆ ರಜ್ಜು ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಿಲ್ಲ.

2017ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡಕ್ಕೆ ಸೇರಿದ್ದು ಹೆಡ್ ಕೋಚ್ ಆಗಿ ಅಲ್ಲ, ಲೈನ್‌ಬ್ಯಾಕರ್ ಕೋಚ್ ಆಗಿಯೂ ಅಲ್ಲ. ಅತ್ಯಂತ ಕೆಳಗಿನ ಮೆಟ್ಟಿಲಾದ ಡಿಫೆನ್ಸಿವ್ ಕ್ವಾಲಿಟಿ ಕಂಟ್ರೋಲ್ ಕೋಚ್ ಆಗಿ. ಅಲ್ಲಿನ ಹೆಡ್ ಕೋಚ್ ಕೈಲ್ ಶಾನಹಾನ್ ಹಿಂದೆ ಹ್ಯೂಸ್ಟನ್‌ನಲ್ಲಿ ಸಹಾಯಕರಾಗಿದ್ದಾಗ ರೈನ್ಸ್ ಅಲ್ಲೇ ಆಡುತ್ತಿದ್ದರು. ಹಳೆಯ ಪರಿಚಯ ಬಾಗಿಲು ತೆರೆಯಿತು, ಮೆಟ್ಟಿಲು ಮಾತ್ರ ಒಂದೊಂದಾಗಿಯೇ ಹತ್ತಬೇಕಾಯಿತು. 2018ರಲ್ಲಿ ಒಳ ಲೈನ್‌ಬ್ಯಾಕರ್‌ಗಳ ಕೋಚ್, 2021ರಲ್ಲಿ ಇಡೀ ಡಿಫೆನ್ಸ್ ನೋಡಿಕೊಳ್ಳುವ ಡಿಫೆನ್ಸಿವ್ ಕೋಆರ್ಡಿನೇಟರ್. 2022ರಲ್ಲಿ ಇಡೀ ಲೀಗ್‌ನಲ್ಲಿ ಅತಿ ಕಡಿಮೆ ಪಾಯಿಂಟ್ ಬಿಟ್ಟುಕೊಟ್ಟದ್ದು ಅವರ ಡಿಫೆನ್ಸ್. 2023ರಲ್ಲಿ ತಾವು ಆಡಿದ್ದ ಟೆಕ್ಸನ್ಸ್‌ಗೇ ಹೆಡ್ ಕೋಚ್ ಆದರು. ಹಿಂದಿನ ವರ್ಷ ಮೂರೇ ಪಂದ್ಯ ಗೆದ್ದಿದ್ದ ತಂಡ ಆ ವರ್ಷ 10 ಗೆದ್ದು ಪ್ಲೇಆಫ್ ತಲುಪಿತು.

ಪ್ರಶ್ನೆ: ‘ಕ್ವಾಲಿಟಿ ಕಂಟ್ರೋಲ್’ ಎಂದರೆ ಕಾರ್ಖಾನೆಯ ಕೆಲಸದಂತೆ ಕೇಳುತ್ತದೆ. ಅಲ್ಲಿ ಏನು ಮಾಡುತ್ತಾರೆ?

ಉತ್ತರ: ವಿಡಿಯೊ ನೋಡುತ್ತಾರೆ. ಮತ್ತೆ ನೋಡುತ್ತಾರೆ. ಕಾರ್ಖಾನೆ ಎಂದದ್ದು ತಪ್ಪೇನಲ್ಲ.

ಮುಂದಿನ ಎದುರಾಳಿಯ ಇತ್ತೀಚಿನ ಪಂದ್ಯಗಳನ್ನು ಒಂದೊಂದು ಪ್ಲೇಯಾಗಿ ಬಿಡಿಸಿ ಕಂಪ್ಯೂಟರ್‌ಗೆ ಸೇರಿಸುವುದು ಮೊದಲ ಕೆಲಸ. ಎಷ್ಟನೇ ಡೌನ್ (10 ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಒಂದು), ಇನ್ನೆಷ್ಟು ಗಜ ಬೇಕಿತ್ತು, ಚೆಂಡು ಮೈದಾನದ ಎಡ ಹ್ಯಾಶ್ ಗುರುತಿನ ಮೇಲಿತ್ತೋ ಬಲದ ಮೇಲಿತ್ತೋ, ಯಾರು ಮೈದಾನದಲ್ಲಿದ್ದರು, ರನ್ನೋ ಪಾಸೋ. ಯಾರಿದ್ದರು ಎಂಬುದಕ್ಕೆ ಎರಡಂಕಿಯ ಗುರುತಿದೆ. ಮೊದಲ ಅಂಕಿ ರನ್ನಿಂಗ್ ಬ್ಯಾಕ್‌ಗಳ ಸಂಖ್ಯೆ, ಎರಡನೆಯದು ಟೈಟ್ ಎಂಡ್‌ಗಳದ್ದು. ಕ್ವಾರ್ಟರ್‌ಬ್ಯಾಕ್ ಮತ್ತು ಮುಂದಿನ ಸಾಲಿನ ಐವರನ್ನು ಬಿಟ್ಟ ಐವರಲ್ಲಿ ಮಿಕ್ಕವರು ರಿಸೀವರ್‌ಗಳು. ಹಾಗಾಗಿ 11 ಎಂದರೆ ಒಬ್ಬ ಬ್ಯಾಕ್, ಒಬ್ಬ ಟೈಟ್ ಎಂಡ್, ಮೂವರು ರಿಸೀವರ್. 12 ಎಂದರೆ ರಿಸೀವರ್ ಇಬ್ಬರೇ. ಇಲ್ಲಿ ಒಂದು ಸಾಲು ತಪ್ಪಾಗಿ ತುಂಬಿದರೆ ‘ಮೂರನೇ ಡೌನ್‌ನಲ್ಲಿ ಇವರು ಎಡಕ್ಕೇ ಎಸೆಯುತ್ತಾರೆ’ ಎಂಬ ಲೆಕ್ಕವೇ ತಪ್ಪುತ್ತದೆ, ಅದನ್ನು ನಂಬಿದ ಕೋಆರ್ಡಿನೇಟರ್ ಪಂದ್ಯದ ದಿನವಾದ ಭಾನುವಾರ ಸಿಕ್ಕಿಬೀಳುತ್ತಾನೆ.

ಎರಡನೆಯದು ಕಾರ್ಡ್ ಬರೆಯುವುದು. ಅಭ್ಯಾಸದಲ್ಲಿ ಎದುರಾಳಿಯ ವೇಷ ಹಾಕುವ ಮೀಸಲು ಆಟಗಾರರಿಗೆ ಪ್ರತಿ ಪ್ಲೇಗೂ ಒಂದು ದೊಡ್ಡ ಚಿತ್ರ ತೋರಿಸಬೇಕು. ದಪ್ಪ ಗೆರೆ, ಯಾರು ಯಾರನ್ನು ತಡೆಯಬೇಕು ಎಂಬುದು ಒಂದೇ ನೋಟಕ್ಕೆ ತಿಳಿಯಬೇಕು. ಸಾಮಾನ್ಯ ವಾರದಲ್ಲಿ ಬುಧವಾರ ಮೊದಲೆರಡು ಡೌನ್‌ಗಳ ಕಾರ್ಡು, ಗುರುವಾರ ಮೂರನೇ ಡೌನಿನದು, ಶುಕ್ರವಾರ ಗೋಲಿನ ಹತ್ತಿರದ 20 ಗಜದ್ದು.

ನಿವೃತ್ತ ಆಟಗಾರರು ಎಡವುವುದು ಇಲ್ಲಿಯೇ. ಆಟದಲ್ಲಿದ್ದಾಗ ಅವರಿಗೆ ‘ಕಂಡದ್ದು’ ಸಾಕಿತ್ತು. ಏಕೆ ಕಂಡಿತು ಎಂದು ಇನ್ನೊಬ್ಬನಿಗೆ ಹೇಳಬೇಕಾದಾಗ ಮಾತು ತಡವರಿಸುತ್ತದೆ. ‘ಅಲ್ಲಿ ನೋಡು, ಗೊತ್ತಾಗಲ್ವಾ?’ ಎಂದರೆ 22 ವರ್ಷದ ಹುಡುಗನಿಗೆ ಗೊತ್ತಾಗುವುದಿಲ್ಲ. ‘ಗಾರ್ಡ್‌ನ ನೆಲಕ್ಕೂರಿದ ಕೈ ನೋಡು. ಬೆರಳ ಗೆಣ್ಣು ಬಿಳಿಚಿಕೊಂಡಿದ್ದರೆ ಭಾರ ಮುಂದಿದೆ, ಬಹುಶಃ ರನ್’ ಎಂದರೆ ತಿಳಿಯುತ್ತದೆ. ಒಂದೆರಡು ವರ್ಷ ಕಾರ್ಡ್ ಬರೆದವನಿಗೆ ಈ ಎರಡನೇ ಬಗೆಯ ಮಾತು ತಾನಾಗಿಯೇ ಒಗ್ಗುತ್ತದೆ.

ಪ್ರಶ್ನೆ: ದೊಡ್ಡ ಆಟಗಾರನಾದರೆ ದೊಡ್ಡ ಕೋಚ್ ಆಗುತ್ತಾನೆಯೇ?

ಉತ್ತರ: ಹಾಗೇನಿಲ್ಲ. ಚಿಕಾಗೊ ಬೇರ್ಸ್‌ನ ಮೈಕ್ ಸಿಂಗಲ್ಟರಿ ಹಾಲ್ ಆಫ್ ಫೇಮ್ ಲೈನ್‌ಬ್ಯಾಕರ್. ಕೋಆರ್ಡಿನೇಟರ್ ಆಗದೆಯೇ 2008ರ ಸೀಸನ್ ನಡುವೆ 49ಅರ್ಸ್‌ನ ಹೊಣೆ ಹೊತ್ತರು. 2010ರ ಕೊನೆಯಲ್ಲಿ ತೆಗೆದುಹಾಕುವ ಹೊತ್ತಿಗೆ 18 ಗೆಲುವು, 22 ಸೋಲು. ಜೆರಾಡ್ ಮೇಯೊ 2008ರ ಡ್ರಾಫ್ಟ್‌ನ 10ನೇ ಆಯ್ಕೆ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನಲ್ಲಿ ಲೈನ್‌ಬ್ಯಾಕರ್‌ಗಳ ಕೋಚ್ ಆಗಿದ್ದು, 2024ರಲ್ಲಿ ಅಲ್ಲೇ ಹೆಡ್ ಕೋಚ್ ಆದರು. ನಾಲ್ಕು ಗೆಲುವು, 13 ಸೋಲು, ಒಂದೇ ವರ್ಷಕ್ಕೆ ಮುಗಿಯಿತು.

ಬಿಲ್ ಕೌಹರ್ ಕಥೆ ಬೇರೆ. ಆಟಗಾರನಾಗಿ ಸಾಧಾರಣ, ಹೆಚ್ಚಾಗಿ ಚೆಂಡು ಒದೆಯುವ ಪ್ಲೇಗಳಿಗೆ ಇಳಿಯುವ ಸ್ಪೆಷಲ್ ಟೀಮ್ಸ್‌ನಲ್ಲಿ ಓಡಾಡಿದವರು. 1985ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಸ್ಪೆಷಲ್ ಟೀಮ್ಸ್ ಕೋಚ್, ಆಮೇಲೆ ಹಿಂಬದಿಯವರ ಕೋಚ್, ಕ್ಯಾನ್ಸಸ್ ಸಿಟಿಯಲ್ಲಿ ಕೋಆರ್ಡಿನೇಟರ್. 1992ರಿಂದ 2006ರವರೆಗೆ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಹೆಡ್ ಕೋಚ್, ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನ 40ನೆಯದರಲ್ಲಿ ಗೆಲುವು. ತಾನು ಆಡಿದ ಜಾಗ ಬಿಟ್ಟು ಬೇರೆ ಜಾಗದವರಿಗೂ ಕಲಿಸಿದ್ದು ಅವರ ಕೈಹಿಡಿಯಿತು ಎಂಬುದು ನಮ್ಮ ಎಣಿಕೆ.

ಪ್ರಶ್ನೆ: ಲೈನ್‌ಬ್ಯಾಕರ್ ಆಗಿದ್ದು ಕೋಚ್ ಆದ ಮೈಕ್ ವ್ರೇಬಲ್ ಬೇಕೆಂದೇ ತಮ್ಮ ತಂಡದಿಂದ ತಪ್ಪು ಮಾಡಿಸಿದ್ದರಂತೆ, ನಿಜವೇ?

ಉತ್ತರ: ನಿಜ. 2020ರ ಜನವರಿಯ ಪ್ಲೇಆಫ್ ಪಂದ್ಯ. ವ್ರೇಬಲ್‌ರ ಟೆನೆಸಿ ಟೈಟನ್ಸ್ 14-13ರಿಂದ ಮುಂದಿತ್ತು, ನಾಲ್ಕನೇ ಕ್ವಾರ್ಟರ್‌ನಲ್ಲಿ ಪಂಟ್ ಮಾಡಬೇಕಿತ್ತು, ಅಂದರೆ ಚೆಂಡನ್ನು ಎದುರಾಳಿಗೆ ಒದ್ದು ಕೊಡಬೇಕಿತ್ತು. ಎದುರಿಗಿದ್ದದ್ದು ಅವರೇ ಲೈನ್‌ಬ್ಯಾಕರ್ ಆಗಿ ಮೂರು ಸೂಪರ್ ಬೌಲ್ ಗೆದ್ದಿದ್ದ ಪೇಟ್ರಿಯಟ್ಸ್. ಕೊನೆಯ ಐದು ನಿಮಿಷಕ್ಕೂ ಮೊದಲು ಇಂಥ ತಪ್ಪಾದರೆ ಐದು ಗಜ ದಂಡ ಹಾಕಿ ಗಡಿಯಾರವನ್ನು ಮತ್ತೆ ಓಡಿಸುತ್ತಿದ್ದರು. ಟೈಟನ್ಸ್ ಮೊದಲು ಸಮಯ ಮೀರಿ ದಂಡ ತೆತ್ತರು, ಆಮೇಲೆ ಸ್ನ್ಯಾಪ್‌ಗೆ ಮೊದಲೇ ಕದಲಿ ಮತ್ತೆ ತೆತ್ತರು. ಹೆಚ್ಚುಕಡಿಮೆ ಎರಡು ನಿಮಿಷ ಕರಗಿತು. ಗಮ್ಮತ್ತೆಂದರೆ ಅದೇ ಸೀಸನ್‌ನಲ್ಲಿ ಈ ಉಪಾಯವನ್ನು ಜೆಟ್ಸ್ ಮೇಲೆ ಪ್ರಯೋಗಿಸಿದ್ದು ಎದುರು ನಿಂತಿದ್ದ ಪೇಟ್ರಿಯಟ್ಸ್ ಕೋಚ್ ಬಿಲ್ ಬೆಲಿಚಿಕ್. 2020ರಲ್ಲೇ ನಿಯಮ ತಿದ್ದಿದರು.

ಪ್ರಶ್ನೆ: ಹಸಿರು ಚುಕ್ಕೆಯವನು ಗಾಯಗೊಂಡು ಹೊರಗೆ ಹೋದರೆ?

ಉತ್ತರ: ಇನ್ನೊಬ್ಬನನ್ನು ಮೊದಲೇ ಗೊತ್ತುಮಾಡಿ, ಅವನ ಅಳತೆಗೆ ಚುಕ್ಕೆಯ ಹೆಲ್ಮೆಟ್ ಮೈದಾನದ ಅಂಚಿನಲ್ಲಿ ಇಟ್ಟಿರುತ್ತಾರೆ. ಅವನು ಓಡಿಹೋಗಿ ಬದಲಿಸಿಕೊಂಡು ಬರಬೇಕು. ಒಂದು ಕಡೆಯಿಂದ ಒಂದೇ ಚುಕ್ಕೆ ಮೈದಾನದಲ್ಲಿರಬಹುದು, ಎರಡು ಕಂಡರೆ ದಂಡ. ಬದಲಿಸಲು ಹೊತ್ತಿಲ್ಲದಿದ್ದರೆ 2008ಕ್ಕೆ ಮೊದಲು ಮಾಡುತ್ತಿದ್ದಂತೆ ಕೈಸನ್ನೆ.