ಹಿಮದ ಹಾದಿಯಲ್ಲಿ ತಮ್ಮನ ಸೈಕಲ್: ಅಕ್ಕ ಏನು ಮಾಡಬಹುದು?

ಪ್ರಶ್ನೆ: ಮಿನಿಯಾಪೊಲಿಸ್‌ನಲ್ಲಿ ನೆಲೆಸಿರುವ ನನ್ನ ತಮ್ಮ ಜನವರಿ ಕೊನೆಗೆ ಮಿನೆಸೋಟಾದ ‘ಆ್ಯರೋಹೆಡ್ 135’ ಸ್ಪರ್ಧೆಯಲ್ಲಿ ದಪ್ಪ ಟೈರಿನ ಸೈಕಲ್ ತುಳಿಯಲಿದ್ದಾನೆ. ಆಗ ನಾನು ಅವನ ಮನೆಯಲ್ಲಿರುತ್ತೇನೆ. ಕಾರಿನಲ್ಲಿ ಹಿಂಬಾಲಿಸಿ ಅಲ್ಲಲ್ಲಿ ಬಿಸಿ ಊಟ, ಒಣ ಬಟ್ಟೆ ಕೊಡುತ್ತೇನೆ ಎಂದರೆ ಅವನು ಬೇಡವೆನ್ನುತ್ತಾನೆ. ನಾನು ಯಾವ ರೀತಿ ಸಿದ್ಧಳಾಗಬೇಕು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ತಮ್ಮ ಹೇಳುವುದೇ ಸರಿ. ಕೆನಡಾ ಗಡಿಯ ಇಂಟರ್‌ನ್ಯಾಷನಲ್ ಫಾಲ್ಸ್‌ನಿಂದ ಟವರ್ ಪಟ್ಟಣದ ಸಮೀಪದವರೆಗೆ 135 ಮೈಲಿ, ಅಂದರೆ ಸುಮಾರು 217 ಕಿಲೊಮೀಟರ್ ದೂರವನ್ನು 60 ಗಂಟೆಗಳೊಳಗೆ ಕ್ರಮಿಸಬೇಕಾದ ಈ ಸ್ಪರ್ಧೆಯ ತಿರುಳೇ ಸ್ವಾವಲಂಬನೆ. ಅದಕ್ಕಾಗಿಯೇ ಕಡು ಚಳಿಗೆ ತಕ್ಕ ಮಲಗುವ ಚೀಲ, ಒಲೆ, ಇಂಧನಗಳನ್ನು ಪ್ರತಿಯೊಬ್ಬರೂ ತಾವೇ ಹೊತ್ತೊಯ್ಯಬೇಕು. ದಾರಿಯಲ್ಲಿ ನೀವು ಪ್ರೀತಿಯಿಂದ ಕೊಡುವ ಒಂದು ಲೋಟ ಸಾರು ಅವನನ್ನು ಸ್ಪರ್ಧೆಯಿಂದಲೇ ಹೊರಗಿಡಬಹುದು. ಆದ್ದರಿಂದ ಮೊದಲು ಈ ಬಾರಿಯ ನಿಯಮಾವಳಿಯನ್ನು ಇಬ್ಬರೂ ಕೂತು ಓದಿ.

ನಿಮ್ಮ ಸಹಾಯಕ್ಕೆ ನಿಜವಾದ ಜಾಗವಿರುವುದು ಹೊರಡುವ ಮೊದಲಿನ ವಾರಗಳಲ್ಲಿ. ಅವನು ತಿನ್ನಬೇಕೆಂದಿರುವ ಎಲ್ಲವನ್ನೂ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಕಚ್ಚಿ ನೋಡಿ. ಅಂಗಡಿಯ ಎನರ್ಜಿ ಬಾರ್‌ಗಳು ಹಲ್ಲಿಗೆ ಜಗ್ಗದಷ್ಟು ಗಟ್ಟಿಯಾಗಿರುತ್ತವೆ. ನೀರಿನಂಶ ಕಡಿಮೆಯಿರುವ ಹುರಿದ ಶೇಂಗಾ, ಖಾರದ ಅವಲಕ್ಕಿ ಹಾಗಾಗುವುದಿಲ್ಲ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡುವ ಅಭ್ಯಾಸ ಮಾಡಿಸಿ: ಮಂಜುಗಡ್ಡೆ ಮೇಲಿನಿಂದ ಕಟ್ಟುವುದರಿಂದ ಮುಚ್ಚಳದ ಬಾಯಿ ತೆರೆದೇ ಉಳಿಯುತ್ತದೆ. ಬ್ಯೂಟೇನ್ ಅನಿಲವು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುವುದನ್ನು ನಿಲ್ಲಿಸುವುದರಿಂದ ಅವನ ಒಲೆ ದ್ರವ ಇಂಧನದ್ದೇ ಎಂಬುದನ್ನು ಖಚಿತಪಡಿಸಿಕೊಂಡು, ಮನೆಯ ಹಿತ್ತಲಿನ ಹಿಮದಲ್ಲಿ, ಕತ್ತಲಲ್ಲಿ, ಕೈಗವಸು ಹಾಕಿಕೊಂಡೇ ಅದನ್ನು ಹೊತ್ತಿಸಲು ಹೇಳಿ. ಬಿಸಿ ಅಡುಗೆಮನೆಯಲ್ಲಿ ಐದು ನಿಮಿಷದ ಆ ಕೆಲಸ ಅಲ್ಲಿ ಅರ್ಧ ಗಂಟೆ ಹಿಡಿದರೆ, ಅದು ಈಗಲೇ ಗೊತ್ತಾಗುವುದು ಒಳ್ಳೆಯದು.

ಎರಡನೆಯದು ಕಾರು. ಸ್ಪರ್ಧೆ ಶುರುವಾಗುವ ಊರು ಒಂದು, ಮುಗಿಯುವ ಊರು ಇನ್ನೊಂದು. ಕಾರನ್ನು ಗುರಿಯ ಬಳಿಗೆ ತಲುಪಿಸುವವರು ಬೇಕೇ ಬೇಕು, ಆ ಹೊಣೆ ನಿಮ್ಮದಾಗಲಿ. ಹಿಮದ ರಸ್ತೆಯಲ್ಲಿ ಓಡಿಸಿದ ಅನುಭವ ನಿಮಗಿಲ್ಲದಿದ್ದರೆ ಅಲ್ಲಿಯವರೊಬ್ಬರನ್ನು ಚಾಲನೆಗೆ ಕರೆದುಕೊಳ್ಳಿ. ಈ ಮಾತಿನಲ್ಲಿ ಸಂಕೋಚ ಬೇಡ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದಿರಲಿ, ಕಾರಿನಲ್ಲಿ ಕಂಬಳಿ, ಸಲಿಕೆ, ಟಾರ್ಚ್ ಇರಲಿ. ಟವರ್ ಸುತ್ತಮುತ್ತ ಎರಡು ರಾತ್ರಿಗೆ ಕೋಣೆಯನ್ನು ಈಗಲೇ ಕಾಯ್ದಿರಿಸಿ, ಏಕೆಂದರೆ ನಿದ್ದೆಗೆಟ್ಟು ಬಂದವನನ್ನು ಅಂದೇ ಸ್ಟಿಯರಿಂಗ್ ಹಿಂದೆ ಕೂರಿಸುವುದು ಹಿಮದ ಹಾದಿಗಿಂತಲೂ ಅಪಾಯಕರ.

ಅವನು ಬಂದಿಳಿದ ಕೂಡಲೇ ಬೆವರಿಗೆ ತೊಯ್ದ ಬಟ್ಟೆ ಬದಲಾಯಿಸಿ, ಬೆರಳು, ಮೂಗು, ಕಿವಿಗಳನ್ನು ಬೆಳಕಿನಲ್ಲಿ ನೋಡಿ. ಬಿಳಿಚಿಕೊಂಡು ಸ್ಪರ್ಶ ತಿಳಿಯದಿದ್ದರೆ ಅದು ಚಳಿಗೆ ಚರ್ಮ ಹೆಪ್ಪುಗಟ್ಟುವ ಫ್ರಾಸ್ಟ್‌ಬೈಟ್ ಇರಬಹುದು. ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ.

ಕೊನೆಗೆ, ಅವನು ನಡುವೆಯೇ ನಿಲ್ಲಿಸಿದರೆ ಏನು ಮಾಡಬೇಕೆಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಆ ಕಾಡಿನಲ್ಲಿ ಮೊಬೈಲ್ ಸಂಕೇತ ಸರಿಯಾಗಿ ಸಿಗುವುದಿಲ್ಲ, ಚಳಿಗೆ ಬ್ಯಾಟರಿಯೂ ಬೇಗ ಬರಿದಾಗುತ್ತದೆ. ಗಂಟೆಗಟ್ಟಲೆ ಸುದ್ದಿ ಬಾರದಿದ್ದರೆ ಅದನ್ನು ಅಪಶಕುನವೆಂದು ಭಾವಿಸಬೇಡಿ. ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿ, ಎಲಿಫೆಂಟ್ ಸರೋವರದ ದಡದ ಮೆಲ್‌ಜಾರ್ಜಸ್ ರೆಸಾರ್ಟ್‌ನಲ್ಲಿ ತಪಾಸಣಾ ಠಾಣೆಯಿದೆ. ಅದರಾಚೆ ಏರುತಗ್ಗು ಕಠಿಣವಾಗುವುದರಿಂದ ಅಲ್ಲಿಗೇ ನಿಲ್ಲಿಸುವವರೂ ಇರುತ್ತಾರೆ. ಆ ರೆಸಾರ್ಟ್‌ಗೆ ಹೋಗುವ ರಸ್ತೆಯನ್ನು ಸ್ಪರ್ಧೆಯ ಹಿಂದಿನ ದಿನವೇ, ಹಗಲು ಬೆಳಕಿನಲ್ಲಿ, ಒಮ್ಮೆ ಹೋಗಿ ನೋಡಿಕೊಂಡು ಬನ್ನಿ.