ಓದದ ಹುಡುಗನಿಗೆ ಮೊಲದ ಕತೆ ಸಾಕಾ?

ಅಕ್ಕಾವ್ರೇ, ನಮಸ್ಕಾರ.

ನಿಮ್ಮ ಪತ್ರ ಖಾರವಾಗಿದೆ, ಅದಕ್ಕೇ ಈ ಉದ್ದ ಉತ್ತರ. ಕಳೆದ ಸಂಚಿಕೆಯಲ್ಲಿ ನಾವು ಹಾಕಿದ, ಹುಬ್ಬಳ್ಳಿ ಗೋಕುಲ ರೋಡಿನ ಗ್ಯಾರೇಜಿನಲ್ಲಿ ಕೆಲಸಕ್ಕಿರುವ ಹುಡುಗನ ಕತೆಯನ್ನು ನಿಮ್ಮ ಒಂಬತ್ತನೇ ಕ್ಲಾಸಿನವರು ಕಸಿದುಕೊಂಡು ಓದಿದರು ಅಂತ ನೀವೇ ಬರೆದಿದ್ದೀರಿ. ಜೊತೆಗೆ, ಕುಡುಕ ಅಪ್ಪ, ಹೊಡೆದಾಟ, ಬೈಗುಳ ಎಲ್ಲ ಯಾಕೆ, ತಡವರಿಸಿ ಓದುವ ಮಕ್ಕಳಿಗೆ ಮೊಲ-ಆಮೆ ಕತೆ ಸಾಕಲ್ವಾ ಅಂತಲೂ ಕೇಳಿದ್ದೀರಿ.

ಸಾಕಾಗಲ್ಲ. ಓದು ನಿಧಾನ ಅಂದ ಮಾತ್ರಕ್ಕೆ ಹುಡುಗ ಸಣ್ಣವನಾಗಲ್ಲ. ಸಂಜೆ ಅಪ್ಪನ ಮಿರ್ಚಿ ಗಾಡಿಯಲ್ಲಿ ಗಿರಾಕಿಗಳ ಲೆಕ್ಕ ನೋಡುತ್ತಾನೆ, ಸಂಘದ ಸಾಲದ ಕಂತು ಯಾವತ್ತು ಅಂತ ಅವನಿಗೆ ಗೊತ್ತು, ಮನೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಅನ್ನೋದೂ ಗೊತ್ತು. ಅಂಥವನ ಕೈಗೆ ಮೊಲದ ಚಿತ್ರದ ಪುಸ್ತಕ ಕೊಟ್ಟರೆ ಹಿಂದಿನ ಬೆಂಚು ನಗುತ್ತದೆ. ಆಮೇಲೆ ಅವನು ಯಾವ ಪುಸ್ತಕವನ್ನೂ ಮುಟ್ಟಲ್ಲ. ವಾಕ್ಯ ಸುಲಭ ಇರಲಿ, ವಿಷಯ ಮಾತ್ರ ಅವನ ವಯಸ್ಸಿನದೇ ಇರಲಿ. ನಮ್ಮ ಲೆಕ್ಕ ಇಷ್ಟೇ.

ಇದೇನು ನಾವು ಕಂಡುಹಿಡಿದದ್ದಲ್ಲ. ಎಡಿನ್‌ಬರೊದಲ್ಲಿ 1998ರಲ್ಲಿ ಬ್ಯಾರಿಂಗ್ಟನ್ ಸ್ಟೋಕ್ ಪ್ರಕಾಶನ ಶುರುವಾಗಿದ್ದೇ ಇಂಥ ಓದುಗರಿಗಾಗಿ. ತೆಳು ಪುಸ್ತಕ, ಕಣ್ಣಿಗೆ ಹೊಡೆಯದ ಕೆನೆ ಬಣ್ಣದ ಕಾಗದ, ಆದರೆ ಹೊರಗಿನಿಂದ ಮಾಮೂಲಿ ಕಾದಂಬರಿಯೇ. ಅದಕ್ಕೂ ಎಷ್ಟೋ ಮೊದಲು ಅಮೆರಿಕದ ಟಲ್ಸಾದ ಎಸ್. ಇ. ಹಿಂಟನ್ ಹೈಸ್ಕೂಲಿನಲ್ಲಿದ್ದಾಗಲೇ ಹುಡುಗರ ಗುಂಪು ಜಗಳದ ಕಾದಂಬರಿ ಬರೆದರು. 1967ರಲ್ಲಿ 'ದಿ ಔಟ್‌ಸೈಡರ್ಸ್' ಅಚ್ಚಾದಾಗ ಆಕೆಗೆ 18 ವರ್ಷ. ಅಲ್ಲೂ ಕೆಲವು ಶಾಲೆಗಳು ಅದನ್ನು ದೂರ ಇಟ್ಟವು, ಇನ್ನು ಕೆಲವು ಪಾಠಕ್ಕೇ ತೆಗೆದುಕೊಂಡವು.

ಹಾಗಂತ ಹೊಡೆದಾಟ ಹಾಕಿದ ತಕ್ಷಣ ನಮ್ಮೂರಿನ ಕತೆ ಆಗಿಬಿಡಲ್ಲ. ನಮಗೆ ಬರುವ ಕತೆಗಳಲ್ಲಿ ಸಿನಿಮಾ ರೌಡಿಗಳೇ ಜಾಸ್ತಿ, ವಾಪಸ್ ಕಳಿಸುತ್ತೇವೆ. ಒಬ್ಬರಂತೂ ಉಣಕಲ್ ಕೆರೆ ಹತ್ತಿರ ನಾಯಕನಿಂದ ಕೈ ಮಾಡಿಸಿ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ನಿಲ್ಲಿಸಿದ್ದರು! ರಸ್ತೆ ನಡುವಿನ ತನ್ನದೇ ಹಾದಿಯಲ್ಲಿ ಓಡುವ ಬಸ್ಸು ಅದು, ಅದರ ಸ್ಟೇಷನ್ನಿಗೇ ಹೋಗಿ ಹತ್ತಬೇಕು. ನಾವು ನೀವಾದರೆ ಸಹಿಸಿಕೊಂಡು ಮುಂದೆ ಓದುತ್ತೇವೆ, ದಿನಾ ಅದರಲ್ಲಿ ಓಡಾಡುವ ಹುಡುಗ ಅಲ್ಲೇ ಪುಸ್ತಕ ಮುಚ್ಚುತ್ತಾನೆ.

ಬೈಗುಳ ಇದ್ದದ್ದು ಒಂದೇ. ಪಾನಾ ಕಾಲ ಮೇಲೆ ಬಿದ್ದಾಗ ಗ್ಯಾರೇಜಿನ ಮಿಸ್ತ್ರಿ 'ಅಯ್ಯೋ ದೇವರೇ' ಅಂದರೆ ಯಾರು ನಂಬುತ್ತಾರೆ? ಅಪ್ಪನ ವಿಷಯ ಬೇರೆ. ಅದರ ಮೇಲೆ ನಮ್ಮ ಆಫೀಸಿನಲ್ಲೇ ಜಗಳ ಆಯಿತು. ಕೊನೆಗೆ ಉಳಿಸಿಕೊಂಡೆವು, ಯಾಕಂದರೆ ಆ ಅಪ್ಪ ರಾಕ್ಷಸ ಅಲ್ಲ. ಮಗನ ಸೈಕಲ್ಲಿಗೆ ಪಂಕ್ಚರ್ ಹಾಕಿಕೊಡುವವನೂ ಅವನೇ.

ನಿಮ್ಮಲ್ಲಿ ಒಂದೇ ಕೋರಿಕೆ: ಸಾರಾಂಶ ಬರೆಸಬೇಡಿ, ಕತೆಯ ನೀತಿ ಏನು ಅಂತ ಕೇಳಬೇಡಿ. ಮೊದಲ ಎರಡು ಪುಟ ನೀವೇ ಜೋರಾಗಿ ಓದಿ, ಜಗಳ ಶುರುವಾಗುವ ಹೊತ್ತಿಗೆ ನಿಲ್ಲಿಸಿ, ಸಂಚಿಕೆಯನ್ನು ಮೇಜಿನ ಮೇಲಿಟ್ಟು ಸುಮ್ನೆ ಹೊರಗೆ ಹೋಗಿಬಿಡಿ. ಮುಂದಿನ ಸಲ ಗದಗಿನಿಂದ ದಿನಾ ರೈಲಿನಲ್ಲಿ ಹುಬ್ಬಳ್ಳಿ ಕಾಲೇಜಿಗೆ ಬರುವ ಹುಡುಗಿಯ ಕತೆ ಇದೆ. ಅದರಲ್ಲೂ ಒಂದು ಬೈಗುಳ ಬರುತ್ತದೆ, ಈಗಲೇ ಹೇಳಿರುತ್ತೇನೆ.

— ಸಂಪಾದಕ