ಓದುಗರ ಪ್ರಶ್ನೆ, ನಮ್ಮ ಉತ್ತರ: ಎರಡು ಪತ್ರಿಕೆ, ಒಂದೇ ವರದಿ

ಪ್ರಶ್ನೆ: ನಮ್ಮ ಮನೆಗೆ ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆ ಬರುತ್ತವೆ. ಮಣಿಪುರದ ಸುದ್ದಿ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಮಲ್ಪೆಯಲ್ಲಿ ನಡೆದದ್ದು ಮಾತ್ರ ಎರಡರಲ್ಲಿ ಎರಡು ಬಗೆ. ದೂರದ ಸುದ್ದಿಯನ್ನೇ ಹೆಚ್ಚು ನಂಬಬಹುದೆಂದು ಇದರಿಂದ ತಿಳಿಯಬೇಕೇ?
— ನಿವೃತ್ತ ಶಿಕ್ಷಕಿ, ಬ್ರಹ್ಮಾವರ

ಉತ್ತರ: ನೀವು ಗಮನಿಸಿದ್ದು ಸರಿ, ತೀರ್ಮಾನ ಮಾತ್ರ ತಿರುಗುಮುರುಗಾಗಬೇಕು. ಮಣಿಪುರದ ವರದಿಯ ಮೊದಲ ಸಾಲಿನಲ್ಲಿ, ಊರಿನ ಹೆಸರಿನ ಪಕ್ಕದಲ್ಲಿ, ‘ಪಿಟಿಐ’ (ಪತ್ರಿಕೆಗಳಿಗೆ ಸುದ್ದಿ ಒದಗಿಸುವ ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆ) ಎಂದಿದೆಯೇ ನೋಡಿ. ಎರಡರಲ್ಲಿಯೂ ಇದ್ದರೆ ನಿಮ್ಮ ಮುಂದಿರುವುದು ಇಬ್ಬರು ಸಾಕ್ಷಿಗಳಲ್ಲ, ಒಬ್ಬನೇ ಸಾಕ್ಷಿಯ ಹೇಳಿಕೆಯ ಎರಡು ಪ್ರತಿಗಳು.

ಪತ್ರಿಕೆಗಳೇ ಸೇರಿ 1947ರಲ್ಲಿ ಸ್ಥಾಪಿಸಿ 1949ರಲ್ಲಿ ಕೆಲಸ ಆರಂಭಿಸಿದ ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾ ಮುಖ್ಯವಾಗಿ ಇಂಗ್ಲಿಷಿನಲ್ಲಿ ಸುದ್ದಿ ಕೊಡುತ್ತದೆ. 1986ರಿಂದ ‘ಭಾಷಾ’ ಎಂಬ ಹಿಂದಿ ಸೇವೆಯೂ ಇದೆ. ಇಂಫಾಲದಲ್ಲಿ ಮಣಿಪುರಿಯಲ್ಲೋ ಬೆಟ್ಟದ ಕಡೆಯ ಭಾಷೆಯೊಂದರಲ್ಲೋ ಯಾರೋ ಆಡಿದ ಮಾತು ವರದಿಗಾರರ ಕೈಯಲ್ಲಿ ಇಂಗ್ಲಿಷಾಗಿ, ಸಂಸ್ಥೆಯ ಡೆಸ್ಕಿನಲ್ಲಿ ತಿದ್ದುಪಡಿ ಕಂಡು, ರಾತ್ರಿ ಪುಟ ಕಟ್ಟುವ ಗಡಿಬಿಡಿಯಲ್ಲಿರುವ ನಮ್ಮ ಕರಾವಳಿಯ ಉಪಸಂಪಾದಕರನ್ನು ತಲುಪುತ್ತದೆ. ಜಾಗ ಸಾಲದಾದಾಗ ಮೊದಲು ಉದುರುವುದು ಹಾಗೆ ಹೇಳಿದವರು ಯಾರು ಎಂಬ ಭಾಗ. ಒಬ್ಬ ಅಧಿಕಾರಿಯ ಹೇಳಿಕೆಯಾಗಿದ್ದದ್ದು ಕನ್ನಡಕ್ಕೆ ಬರುವಷ್ಟರಲ್ಲಿ ಕಣ್ಣಾರೆ ಕಂಡ ಸಂಗತಿಯ ಗತ್ತಿನಲ್ಲಿ ಕುಳಿತುಬಿಡುತ್ತದೆ.

ಮಲ್ಪೆಯ ವರದಿಗಳು ಬೇರೆಯಾಗುವುದು ಅಲ್ಲಿಗೆ ಇಬ್ಬರು ಹೋಗಿರುವುದರಿಂದ. ಬೋಟೊಂದು ಮುಳುಗಿದಾಗ ಒಬ್ಬರು ಕರಾವಳಿ ಕಾವಲು ಪೊಲೀಸರ ಮಾಹಿತಿಯನ್ನು ನೆಚ್ಚಿ ಬರೆಯುತ್ತಾರೆ. ಇನ್ನೊಬ್ಬರು ದಕ್ಕೆಗೆ ಹೋಗಿ ಬೋಟು ನಡೆಸುವ ತಂಡೇಲನನ್ನು ತುಳುವಿನಲ್ಲಿ ಮಾತನಾಡಿಸಿ, ಎಂಜಿನ್ ಕೆಟ್ಟದ್ದು ಯಾವಾಗ, ನೀರು ನುಗ್ಗಿದ್ದು ಎಲ್ಲಿಂದ, ಹತ್ತಿರದ ಬೋಟಿನವರಿಗೆ ವೈರ್‌ಲೆಸ್ಸಿನಲ್ಲಿ ತಿಳಿಸಿದ್ದು ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು ಬರುತ್ತಾರೆ. ಇಬ್ಬರ ಲೆಕ್ಕ ತಾಳೆಯಾಗದಿದ್ದರೆ ಓದುಗರಿಗೆ ಲಾಭವೇ, ಪ್ರಶ್ನೆ ಕೇಳಬೇಕಾದ ಜಾಗ ಯಾವುದೆಂದು ಅಲ್ಲಿ ಕಾಣುತ್ತದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಪಿಟಿಐ, ಯುಎನ್‌ಐ ಸೇರಿದಂತೆ ನಾಲ್ಕು ಸುದ್ದಿಸಂಸ್ಥೆಗಳನ್ನು ‘ಸಮಾಚಾರ್’ ಎಂಬ ಒಂದೇ ಸಂಸ್ಥೆಯಾಗಿ ಬೆಸೆದಾಗ ಪತ್ರಿಕೆಗಳಲ್ಲಿ ಎಂಥ ಒಮ್ಮತವಿತ್ತೆಂಬುದು ಆ ದಿನಗಳನ್ನು ಕಂಡವರಿಗೆ ನೆನಪಿರಬೇಕು. (ಸೆನ್ಸಾರ್ ಬೇರೆ ಇತ್ತೆನ್ನಿ.) 1978ರಲ್ಲಿ ಅವು ಮತ್ತೆ ಬೇರೆಯಾದವು.

ಮಣಿಪುರ ದೂರದ್ದು, ಅಲ್ಲಿಗೆ ವರದಿಗಾರರನ್ನು ಕಳುಹಿಸುವ ಖರ್ಚು ಎಲ್ಲ ಪತ್ರಿಕೆಗಳಿಗೂ ನಿಲುಕದು. ಆದರೆ ಮಂಗಳೂರಿನಿಂದ ಬೆಳಗ್ಗೆ ರೈಲು ಹತ್ತಿದರೆ ಸಂಜೆಗೆ ಮರಳಬಹುದಾದ ಕಣ್ಣೂರಿನ ಸುದ್ದಿಯೂ ಬಹುಮಟ್ಟಿಗೆ ಮಲಯಾಳದಿಂದ ಇಂಗ್ಲಿಷಿಗೆ ಹೋಗಿ ಅಲ್ಲಿಂದಲೇ ನಮಗೆ ಇಳಿದು ಬರುವುದಕ್ಕೆ ಏನು ಸಮರ್ಥನೆಯಿದೆಯೋ ನನಗೆ ತಿಳಿಯದು. ಮಲಯಾಳ ಓದಬಲ್ಲವರು ಮಂಗಳೂರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಪ್ರಶ್ನೆ: ತುಳುವಿನಲ್ಲಿ ದಿನಪತ್ರಿಕೆ ಏಕೆ ಬೇರೂರಲಿಲ್ಲ?
— ಪತ್ರಿಕೋದ್ಯಮ ವಿದ್ಯಾರ್ಥಿ, ಮಂಗಳೂರು

ಉತ್ತರ: 2011ರ ಜನಗಣತಿಯಂತೆ ತುಳು ಮಾತೃಭಾಷೆಯವರು 18 ಲಕ್ಷಕ್ಕೂ ಹೆಚ್ಚು, ಜನಸಂಖ್ಯೆಯ ಕೊರತೆಯಂತೂ ಇಲ್ಲ. ಶಾಲೆಯಲ್ಲಿ ಓದಲು ಕಲಿತದ್ದು ಕನ್ನಡದಲ್ಲಿ. ಹರ್ಮನ್ ಮೊಗ್ಲಿಂಗ್ 1843ರಲ್ಲಿ ಇದೇ ಊರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ತೆಗೆದಂದಿನಿಂದ ಇಲ್ಲಿನ ಸುದ್ದಿಯ ಓದೂ ಕನ್ನಡಕ್ಕೆ ಒಗ್ಗಿದೆ. ಕೊಂಕಣಿಯ ‘ರಾಕ್ಣೊ’ ವಾರಪತ್ರಿಕೆ 1938ರಿಂದ, ಅದೂ ಕನ್ನಡ ಲಿಪಿಯಲ್ಲಿ, ನಡೆದುಬಂದಿರುವುದಕ್ಕೆ ಮಂಗಳೂರು ಧರ್ಮಪ್ರಾಂತದ ಆಸರೆಯಿದೆ. ತುಳುವಿಗೆ ಅಂಥ ಆಸರೆ ಒದಗಲಿಲ್ಲ. ಈಗ ತುಳು ಸುದ್ದಿ ಮೊಬೈಲಿನಲ್ಲಿ ಧಾರಾಳವಾಗಿ ಬರುತ್ತಿದೆ. ಆದರೆ ನೋಂದಾಯಿತ ಪತ್ರಿಕೆಯಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರೆಂಬ ಸಾಲು ಇರುತ್ತದೆ. ಫಾರ್ವರ್ಡ್ ಆಗಿ ಬಂದ ಧ್ವನಿಮುದ್ರಿಕೆಗೆ ಅದಿಲ್ಲ.

ಪ್ರಶ್ನೆ: ನಮ್ಮ ಭಜನಾ ಮಂದಿರದ ಲೆಕ್ಕಪತ್ರದ ಬಗ್ಗೆ ದಿನಪತ್ರಿಕೆಯೊಂದು ತಪ್ಪು ಸುದ್ದಿ ಪ್ರಕಟಿಸಿತು. ಸಂಪಾದಕರಿಗೆ ಬರೆದ ಪತ್ರಕ್ಕೆ ಉತ್ತರವಿಲ್ಲ. ಮುಂದೇನು ಮಾಡಬಹುದು?
— ಮಂದಿರದ ಕಾರ್ಯದರ್ಶಿ, ಕಾಪು

ಉತ್ತರ: ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆಯಾದರೆ ಸುದ್ದಿ ಪ್ರಕಟವಾದ ಎರಡು ತಿಂಗಳೊಳಗೆ ದೂರು ಸಲ್ಲಬೇಕು. ಸಂಪಾದಕರಿಗೆ ಬರೆದ ಪತ್ರದ ಪ್ರತಿ ಜತೆಗಿರಲಿ. 1978ರ ಕಾಯ್ದೆಯಂತೆ ಮಂಡಳಿ ಎಚ್ಚರಿಕೆ ನೀಡಬಹುದು, ಖಂಡಿಸಬಹುದು, ದಂಡ ವಿಧಿಸಲಾರದು. ಟಿವಿ ವಾಹಿನಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಮಂಡಳಿ ಇರುವುದು ದೆಹಲಿಯಲ್ಲಿ, ಆದ್ದರಿಂದ ಕನ್ನಡ ವರದಿಯ ತುಣುಕಿನೊಂದಿಗೆ ಇಂಗ್ಲಿಷ್ ಅನುವಾದವನ್ನೂ ಲಗತ್ತಿಸಬೇಕು. ಆ ಅನುವಾದವನ್ನು ಮಂದಿರದವರ ಕೈಯಲ್ಲಿ ಮಾಡಿಸದೆ ಈ ವಿವಾದಕ್ಕೆ ಸಂಬಂಧಪಡದವರಿಂದ ಮಾಡಿಸಿ. ನಿಮಗೆ ನೋವಾದ ಸಾಲು ಮೂಲದಲ್ಲಿ ಎಷ್ಟು ಕಟುವಾಗಿದೆಯೋ ಅಷ್ಟೇ ಇರಲಿ.